ಮೇಲೆ ಬಿಟ್ಟ ಜಾಗ

ತಾರಸಿಯ ಕೆಳಗೆ ಜಿಪ್ಸಂ ಬೋರ್ಡಿನ ಇನ್ನೊಂದು ಸೂರು ಕಟ್ಟುವ ನಮ್ಮ ಸೀಲಿಂಗ್ ಮೇಸ್ತ್ರಿ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮೇಲಕ್ಕೆ. ಮನೆಯವರ ಮುಖ ನೆನಪಿಟ್ಟುಕೊಳ್ಳುವ ಉಸಾಬರಿಗೆ ಅವರು ಹೋದವರೇ ಅಲ್ಲ. ಹುಬ್ಬಿನ ಮೇಲೆ ಸದಾ ಜಿಪ್ಸಂ ಪುಡಿ, ಕಿವಿಯ ಮೇಲೆ ಪೆನ್ಸಿಲ್ಲು. ಒಂದೊಂದು ಬೋರ್ಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಆಮೇಲೆ ಆರಿಸುತ್ತಾರೆ. ಬಚ್ಚಲಿಗೆ ನೀರು ತಡೆಯುವ ಹಸಿರು ಬೋರ್ಡೇ ಆಗಬೇಕೆಂದು ನಮ್ಮಕ್ಕನ ಜೊತೆ ಅರ್ಧ ದಿನ ಜಗಳವಾಡಿದವರು ಮರುದಿನ ಬೀದಿಯಲ್ಲಿ ಅವಳ ಗುರುತೇ ಹಿಡಿಯಲಿಲ್ಲ. ಎಲ್ಲರಿಗೂ ಅವರದು ಒಂದೇ ಪ್ರಶ್ನೆ: "ಮೇಲೆ ಎಷ್ಟು ಜಾಗ ಬಿಡ್ಲಿ?" ವೈರು, ಪೈಪು ಹೋಗುವಷ್ಟು ಬಿಡಿ ಎಂದರೆ, "ಅಷ್ಟೇ ಸಾಕಾ?" ಎಂದು ಮುಖ ಸಣ್ಣ ಮಾಡುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವ ಅವರ ಮನೆಗೆ ಮೊನ್ನೆ ಹೋಗಿದ್ದೆ. ಬಾಗಿಲು ದಾಟಿದ್ದೇ ತಡ, ಸೀಲಿಂಗು ತಲೆಗೆ ತಗುಲಿತು. ವರ್ಷ ವರ್ಷವೂ ಅದನ್ನು ಕೆಳಗಿಳಿಸುತ್ತಾ ಬಂದಿದ್ದಾರಂತೆ. ಈಗ ಸ್ವಂತ ಮನೆಯಲ್ಲೇ ಬೆನ್ನು ಬಾಗಿಸಿ ಓಡಾಡುತ್ತಾರೆ. "ಇದೇನು ಮೇಸ್ತ್ರಿ, ಇನ್ಮೇಲೆ ತೆವಳ್ಕೊಂಡೇ ಓಡಾಡ್ತೀರಾ?" ಎಂದು ನಕ್ಕೆ. ಅವರು ನಗಲಿಲ್ಲ. ಬೋರ್ಡನ್ನು ಮೆಲ್ಲಗೆ ತಟ್ಟಿ, ಕಿವಿಗೊಟ್ಟು, ದನಿ ತಗ್ಗಿಸಿದರು: "ಇನ್ನೊಂದು ಗೇಣು ಇಳಿಸ್ಲೇಬೇಕು. ಕೂತ್ಕೊಳ್ಳೋಕೆ ಜಾಗ ಆಗಿದೆಯಂತೆ, ಎದ್ದು ನಿಲ್ಲೋಕೆ ಇನ್ನೂ ಆಗ್ತಿಲ್ಲವಂತೆ ಅವಳಿಗೆ."