ಬೆಳ್ಳಿ ನೀರು ಕುಡಿಯುತ್ತಿದ್ದ ಬಟ್ಟಲು

ಸೋಮವಾರ ಬೆಳಿಗ್ಗೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಹೊರಗೆ ಬಂದೆ. ನಮ್ಮ ಬೆಕ್ಕು ಬೆಳ್ಳಿ ಹೊಸ್ತಿಲ ಪಕ್ಕ ಬಾಯಿ ಅರ್ಧ ತೆರೆದುಕೊಂಡು ಕೂತಿದ್ದಳು. ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು.

ಹಾಲು ಇಟ್ಟೆ. ಮೂಸಿದಳು, ಮುಖ ತಿರುಗಿಸಿದಳು. ಹಾಲು ಬೇಡ ಅನ್ನುವ ಬೆಕ್ಕನ್ನು ನಾನಂತೂ ಕಂಡಿರಲಿಲ್ಲ.

ಬೆಳ್ಳಿ ಬರೀ ಮುದ್ದಿಗೆ ಸಾಕಿದ ಬೆಕ್ಕಲ್ಲ. ನಮ್ಮದು ಕ್ಯಾಲನೂರಿನ ಪಕ್ಕದ ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ. ಹುಳದ ಮನೆಗೆ ಇಲಿ ನುಗ್ಗಿದರೆ ಮುಗಿಯಿತು ಕಥೆ. ನಾಲ್ಕು ವರ್ಷದಿಂದ ಇಲಿ ಬಾರದ ಹಾಗೆ ನೋಡಿಕೊಂಡಿರುವುದು ಅವಳೇ.

ಆ ವಾರ ಹುಳ ಕೊನೆಯ ಪೊರೆ ಬಿಟ್ಟು ಎದ್ದಿದ್ದವು. ಈ ಕೆಲಸ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ... ಅವು ತಿನ್ನುತ್ತಲೇ ಇರುತ್ತವೆ, ನಾವು ಸೊಪ್ಪು ಹೊರುತ್ತಲೇ ಇರುತ್ತೇವೆ. ಊಟ ನಿಂತುಕೊಂಡೇ.

ನಾನೂ ನಮ್ಮತ್ತೆಯೂ ಆ ದಿನಗಳಲ್ಲಿ ಆಡುವ ಮಾತೆಂದರೆ "ಹಾಕಾಯ್ತಾ?", "ಹ್ಞೂಂ". ಅಷ್ಟೇ.

ಬೆಳ್ಳಿಯನ್ನು ನೋಡಿದಾಗ ಮೊದಲು ಅನುಮಾನ ಬಂದದ್ದು ಹೊಸ ಬಟ್ಟಲಿನ ಮೇಲೆ. ಹೋದ ತಿಂಗಳು ಇಲ್ಲೇ ಫೋಟೋ ಹಾಕಿದ್ದೆನಲ್ಲ, ನೀವೆಲ್ಲ ಹಾರ್ಟ್ ಒತ್ತಿದಿರಲ್ಲ, ಅದೇ.

ಅದನ್ನು ಆರಿಸುವುದಕ್ಕೆ ನಾನು ಮೊಬೈಲ್ ಹಿಡಿದುಕೊಂಡು ಪಟ್ಟ ಪಾಡು ನನಗೇ ಗೊತ್ತು. ನಾಯಿ ರಾಜ ಹಗುರ ಸ್ಟೀಲ್ ತಟ್ಟೆಯನ್ನು ಅಂಗಳದ ತುಂಬ ತಳ್ಳಿಕೊಂಡು ತಿರುಗುತ್ತಿದ್ದ. ಅವನಿಗೆ ಕೆಳಗೆ ರಬ್ಬರ್ ಇರುವ ಭಾರದ ತಟ್ಟೆ ತಂದೆ. ಅದು ಸರಿಹೋಯಿತು.

ಬೆಳ್ಳಿಗೆ ಪಿಂಗಾಣಿಯದು. ಆಳವಾದ ಜೋಡಿ ಬಟ್ಟಲು, ಒಂದರಲ್ಲಿ ಊಟ, ಪಕ್ಕದಲ್ಲೇ ನೀರು, ಹೊರಗೆ ನೀಲಿ ಮೀನಿನ ಚಿತ್ರ.

"ಬೆಕ್ಕಿಗೆ ತೆಂಗಿನ್ ಚಿಪ್ಪು ಸಾಲ್ದೇನಮ್ಮಣ್ಣಿ?" ಅಂದಿದ್ದರು ಅತ್ತೆ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ದಿನಾ ನೀರು ಬದಲಾಯಿಸುತ್ತಿದ್ದೆ. ನೀರು ಒಂದು ಗೆರೆಯೂ ಇಳಿದಿರುತ್ತಿರಲಿಲ್ಲ. ಬೆಕ್ಕು ನೀರು ಕುಡಿಯುವುದೇ ಕಮ್ಮಿ ಅಂದುಕೊಂಡು ಸುಮ್ಮನಾಗಿದ್ದೆ.

ಟೊಮೆಟೊ ಕ್ರೇಟಿನಲ್ಲಿ ಅವಳನ್ನು ಕೂರಿಸಿ, ಮೇಲೆ ಗೋಣಿಚೀಲ ಕಟ್ಟಿ, ಸ್ಕೂಟರಿನಲ್ಲಿ ಕೋಲಾರಕ್ಕೆ ಹೋದೆ. ದಾರಿಯುದ್ದಕ್ಕೂ ಒಂದು ಸಲವೂ ಕೂಗಲಿಲ್ಲ. ಅದೇ ನನಗೆ ಹೆದರಿಕೆ.

ಡಾಕ್ಟರ್ ಬಾಯಿ ಬಿಡಿಸಿ ತೋರಿಸಿದರು. ನಾಲಿಗೆ ಕೆಂಪಗೆ, ಅಂಚಿನಲ್ಲೆಲ್ಲ ಹುಣ್ಣು.

"ಸುಟ್ಟಿದೆಯಮ್ಮ. ಸುಣ್ಣ, ಬ್ಲೀಚಿಂಗ್ ಪೌಡರ್ ಅಂಥದ್ದೇನೋ ಬಾಯಿಗೆ ಹೋಗಿದೆ. ನೀರು ಎಲ್ಲಿ ಕುಡಿಯತ್ತೆ?"

"ಅದರ ಬಟ್ಟಲಲ್ಲೇ ಸಾರ್."

"ಕುಡಿಯೋದು ನೋಡಿದೀರಾ?"

"ದಿನಾ ನೀರು ಬದಲಾಯಿಸ್ತೀನಿ ಸಾರ್" ಅಂದೆ.

ಬಟ್ಟಲು ಹೇಗಿದೆ ಅಂತ ಕೇಳಿದರು, ಫೋಟೋ ತೋರಿಸಿದೆ. ಇಷ್ಟು ಆಳ ಇದ್ದರೆ ಮೀಸೆ ಅಂಚಿಗೆ ತಾಗುತ್ತದೆ, ಕೆಲವು ಬೆಕ್ಕಿಗೆ ಅದು ಆಗುವುದಿಲ್ಲ, ಊಟದ ಪಕ್ಕ ಇಟ್ಟ ನೀರೂ ಕೆಲವಕ್ಕೆ ಬೇಡ, ಅಗಲವಾಗಿ ತುಂಬಿರುವ ನೀರನ್ನು ಬೇರೆ ಕಡೆ ಹುಡುಕಿಕೊಂಡು ಹೋಗುತ್ತವೆ ಅಂದರು. ಇಂಜೆಕ್ಷನ್ ಕೊಟ್ಟು, ಚರ್ಮದ ಕೆಳಗೆ ಸಲೈನ್ ಬಿಟ್ಟರು. ಎರಡು ಮೂರು ದಿನದಲ್ಲಿ ತಾನಾಗಿ ಕುಡಿಯದಿದ್ದರೆ ಕಷ್ಟ ಅಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಅಂದರು, "ಅದು ಹುಳದ್ ಮನೇಲಿ, ಸ್ಟ್ಯಾಂಡ್ ಕೆಳ್ಗಡೆ ಕುಡಿಯೋದು ಕಣಮ್ಮ. ಮೊದ್ಲಿಂದ್ಲೂ ಅಲ್ಲೇ."



ಹುಳದ ತಟ್ಟೆ ಇಡುವ ಸ್ಟ್ಯಾಂಡಿಗೆ ಇರುವೆ ಹತ್ತಬಾರದೆಂದು ಅದರ ಒಂದೊಂದು ಕಾಲನ್ನೂ ನೀರು ತುಂಬಿದ ಸಿಮೆಂಟ್ ಬಟ್ಟಲಿನಲ್ಲಿ ನಿಲ್ಲಿಸಿರುತ್ತೇವೆ. ಅಗಲ ಬಾಯಿಯ, ತುಂಬಿ ತುಳುಕುವ ಬಟ್ಟಲುಗಳು. ಶನಿವಾರ ಇರುವೆ ಹೇಗೋ ದಾಟುತ್ತಿವೆ ಅಂತ ನಾನೇ ಅಷ್ಟೂ ಬಟ್ಟಲಿಗೆ ಸುಣ್ಣ, ಬ್ಲೀಚಿಂಗ್ ಪೌಡರ್ ಬೆರೆಸಿ ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ. ಈಗ ಅತ್ತೆಗೆ ಹೇಳಿದೆ.

"ನೀನು ಪುಡಿ ಹಾಕಿದ್ದು ನಂಗೇನ್ ಗೊತ್ತು?" ಅಂದರು ಅತ್ತೆ.

"ಅದು ಅಲ್ಲಿ ಕುಡಿಯತ್ತೆ ಅಂತ ನಂಗೇನ್ ಗೊತ್ತು ಅತ್ತೆ?"

ಅರ್ಧ ಗಂಟೆ ಅವರ ಮೇಲೆ ಕೆಂಡದಂಥ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಇರಲಿಲ್ಲ. ಇಬ್ಬರೂ ಸೇರಿ ಬಟ್ಟಲುಗಳ ನೀರು ಚೆಲ್ಲಿ, ಉಜ್ಜಿ ತೊಳೆದು, ಹೊಸ ನೀರು ಹಾಕಿದೆವು. ಇರುವೆಗೆ ಸುತ್ತ ಬೂದಿ ಸುರಿದೆವು.

ಮಂಗಳವಾರ, ಬುಧವಾರ ಸೂಜಿ ತೆಗೆದ ಸಿರಿಂಜಿನಲ್ಲಿ ಹನಿ ಹನಿ ನೀರು ಬಿಟ್ಟೆ. ಅರ್ಧ ಒಳಗೆ, ಅರ್ಧ ನನ್ನ ಸೀರೆಗೆ. ಹುಳಕ್ಕೆ ಸೊಪ್ಪು ಹಾಕುವುದು, ಬಂದು ಅವಳ ಹೊಟ್ಟೆ ಏರಿಳಿಯುತ್ತಿದೆಯಾ ನೋಡುವುದು, ಮತ್ತೆ ಸೊಪ್ಪು.

ಗುರುವಾರ ಮಧ್ಯಾಹ್ನ ಸೊಪ್ಪಿನ ಹೊರೆ ಹೊತ್ತು ಬಾಗಿಲಿಗೆ ಬರುತ್ತೇನೆ, ನಡುಮನೆಯ ಮೂಲೆಯಲ್ಲಿ ಒಂದು ಸಿಮೆಂಟ್ ಬಟ್ಟಲು. ಸ್ಟ್ಯಾಂಡಿಗೆ ಬಳಸದೆ ಮಿಕ್ಕಿದ್ದೊಂದನ್ನು ಅತ್ತೆ ತೊಳೆದು, ಅಂಚಿನವರೆಗೂ ನೀರು ತುಂಬಿಸಿ ಇಟ್ಟಿದ್ದಾರೆ. ನನಗೆ ಒಂದು ಮಾತೂ ಹೇಳಿಲ್ಲ.

ಬೆಳ್ಳಿ ಅದರ ಮುಂದೆ ಕೂತಿದ್ದಾಳೆ. ತುಂಬಾ ಹೊತ್ತು ಮೂಸುತ್ತಾಳೆ. ಬಗ್ಗಿ ಒಂದು ಸಲ ನಾಲಿಗೆ ತಾಗಿಸಿ ಹಿಂದೆ ಸರಿಯುತ್ತಾಳೆ. ಮತ್ತೆ ಬಗ್ಗುತ್ತಾಳೆ... ಈ ಸಲ ನಿಲ್ಲಿಸುವುದಿಲ್ಲ.

ತಲೆಯ ಮೇಲಿನ ಹೊರೆ ಇಳಿಸಬೇಕು ಅನ್ನುವುದೂ ಮರೆತು ನಿಂತಿದ್ದೆ. ಅತ್ತೆ ಹಿಂದಿನಿಂದ ಬಂದು ಹೊರೆಯನ್ನು ಎತ್ತಿಕೊಂಡರು.

ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿರುವ ಬೆಕ್ಕು. ಅವಳು ನೀರು ಕುಡಿಯುವುದನ್ನು ನಾನು ನೋಡಿದ್ದು ಅವತ್ತೇ ಮೊದಲು.