ಅಕ್ಕ ಹೇಳದ ಲೆಕ್ಕ

ನಾನು ಚಿಕ್ಕವನಿದ್ದಾಗ, ಮಕ್ಕಳೇ, ಸಿ.ಎಸ್. ಪುರದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಜಾಣರಿಗೊಂದು ಬಹುಮಾನವಿತ್ತು. ಬಾಯಿಲೆಕ್ಕಕ್ಕೆ ಸರಿಯಾಗಿ ಉತ್ತರ ಹೇಳಿದವರು, ಹೇಳದವರ ಮೂಗು ಹಿಡಿದು ಕೆನ್ನೆಗೆ ಬಾರಿಸಬಹುದಿತ್ತು. ಇದೆಂಥ ಬಹುಮಾನ ಎಂದು ನಗಬೇಡಿ. ಇದರಿಂದ ಮಕ್ಕಳಿಗೆ ಓದುವ ಹುರುಪು ಬರುತ್ತದೆ ಎಂದು ನಮ್ಮ ಮೇಷ್ಟ್ರು ನಂಬಿದ್ದರು.

ಸಗಣಿ ಸಾರಿಸಿದ ಒಂದೇ ಕೋಣೆಯಲ್ಲಿ ನಾನು ಮೂರನೇ ತರಗತಿ, ಅಕ್ಕ ನಾಲ್ಕು. ಬಹುಮಾನ ಹೆಚ್ಚಾಗಿ ಅಕ್ಕನದೇ. ಅವಳು ಮಾತ್ರ ನನ್ನ ಕೆನ್ನೆಯನ್ನು ಸವರಿದಂತೆ ಮಾಡಿ ಬಿಡುತ್ತಿದ್ದಳು. ಒಮ್ಮೆ ಮೇಷ್ಟ್ರು ಅದನ್ನು ಕಂಡು, "ಹೊಡ್ಯೋದು ಹೀಗಮ್ಮ" ಎಂದು ಅವಳ ಕೆನ್ನೆಗೇ ಬಾರಿಸಿ ತೋರಿಸಿದ್ದರು.

ಆ ದಿನ ನನಗೆ ಹಲ್ಲುನೋವು. ಕೆನ್ನೆ ಬೋಂಡದಂತೆ ಊದಿತ್ತು, ಬಾಯಿ ತುಂಬ ಲವಂಗದ ಘಾಟು. ಅದೇ ದಿನ ಅಪ್ಪ ಶಾಲೆಯ ಬಾಗಿಲಿಗೆ ಬಂದು ನಿಂತರು. ಅಕ್ಕನನ್ನು ಮುಂದೆ ಮಿಡ್ಲ್ ಸ್ಕೂಲಿಗೆ ಕಳಿಸುವುದೋ, ಬಿಡಿಸುವುದೋ ಎಂದು ಕೇಳಲು ಬಂದಿದ್ದರು. "ನೀವೇ ನೋಡಿ" ಎಂದು ಮೇಷ್ಟ್ರು ಹೆಮ್ಮೆಯಿಂದ ಲೆಕ್ಕ ಕೊಟ್ಟರು. ಒಂದು ಮರದಲ್ಲಿ ಹದಿಮೂರು ಕಾಯಿ, ಏಳು ಮರದಲ್ಲಿ ಎಷ್ಟು?

ನನಗೆ ಬರಲಿಲ್ಲ. ಯಾರಿಗೂ ಬರಲಿಲ್ಲ. ಎಲ್ಲರೂ ಸಾಲಾಗಿ ನಿಂತೆವು. ಕೊನೆಗೆ ಅಕ್ಕನ ಸರದಿ. ಅವಳ ತುಟಿ ಅಲುಗಿತು, ಕಣ್ಣು ನನ್ನ ಊದಿದ ಕೆನ್ನೆಯ ಮೇಲೆ ನಿಂತಿತು. ಆಮೇಲೆ ತಲೆ ತಗ್ಗಿಸಿ, "ಗೊತ್ತಿಲ್ಲ ಸಾರ್" ಎಂದಳು. ಮೇಷ್ಟ್ರು ಪೆಚ್ಚಾದರು.

"ಇಷ್ಟೇನಾ ಇವ್ಳ ಓದು? ಸಾಕು ಬುಡಿ ಮೇಷ್ಟ್ರೇ" ಎಂದರು ಅಪ್ಪ.

ಸಂಜೆ ರಾಗಿ ಹೊಲದ ಬದುವಿನ ಮೇಲೆ ಮನೆಗೆ ನಡೆಯುವಾಗ ಅಕ್ಕ ಮೆಲ್ಲಗೆ, "ತೊಂಬತ್ತೊಂದು ಕಣೋ" ಎಂದಳು. ನಾನು ಓಡಿಹೋಗಿ ಅಪ್ಪನಿಗೆ, "ಅಕ್ಕಂಗೆ ಗೊತ್ತಿತ್ತಪ್ಪ! ನಂಗೆ ಹೊಡೀಬೇಕಾಗುತ್ತೆ ಅಂತ ಹೇಳ್ಲಿಲ್ಲ" ಎಂದೆ.

"ಗೊತ್ತಿದ್ದೋರು ಯಾರಾದ್ರೂ ಸುಮ್ನಿರ್ತಾರೇನ್ಲಾ?" ಎಂದು ಅಪ್ಪ ಹಸುವಿಗೆ ಹುಲ್ಲು ಹಾಕಲು ಹೋದರು. ಮುಂದೆ ನಾನು ಮಿಡ್ಲ್ ಸ್ಕೂಲಿಗೆ ಹೋದೆ. ಅಕ್ಕ ಹೋಗಲಿಲ್ಲ.

ಈಗ ತುಮಕೂರಿನ ನಿಮ್ಮ ಶಾಲೆಯಲ್ಲಿ ಮಿಸ್ಸು ಜಾಣರ ಕೈಗೆ ಹೊಳೆಯುವ ನಕ್ಷತ್ರ ಅಂಟಿಸುತ್ತಾರೆ. ಅದಕ್ಕಾಗಿ ಯಾರ ಕೆನ್ನೆಯೂ ಕೆಂಪಾಗುವುದಿಲ್ಲ. ನೀವು ಕೈ ಚಾಚಿ ತೋರಿಸಿದಾಗ ನನಗೆ ಖುಷಿಯಾಗುತ್ತದೆ, ಅಕ್ಕನನ್ನು ನೆನೆದು ಹೊಟ್ಟೆಯೂ ಉರಿಯುತ್ತದೆ. ಭಾನುವಾರ ನನ್ನ ಅಕ್ಕ ಬರುತ್ತಾಳೆ. ಮಿಸ್ಸಿನ ಹತ್ತಿರ ಒಂದು ನಕ್ಷತ್ರ ಹೆಚ್ಚಿಗೆ ಕೇಳಿ ತನ್ನಿ. ಯಾರಿಗೆ ಎಂದು ಅವರು ಕೇಳಿದರೆ, ಗೊತ್ತಿದ್ದೂ ಉತ್ತರ ಹೇಳದವಳಿಗೆ ಎನ್ನಿ.