ನೀವೇನು ಮಾಡುತ್ತೀರಿ?

ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ನಪಾಸಾದದ್ದು ಒಂದು ಮಾಮೂಲಿ ಕೆಮ್ಮಿನ ಎದುರು. ಆಗ ನಾನು ನರ್ಸ್ ಪ್ರಾಕ್ಟಿಷನರ್ ಆಗಲು ಓದುತ್ತಿದ್ದೆ. ರೋಗಿಯನ್ನು ತಾನೇ ಪರೀಕ್ಷಿಸಿ, ಕಾಯಿಲೆ ಏನೆಂದು ಹೇಳಿ, ಔಷಧ ಬರೆಯುವ ನರ್ಸಿನ ಹುದ್ದೆ ಅದು. ಮಾಸ್ಟರ್ಸ್ ಪದವಿಯ ಕೊನೆಯ ಸೆಮಿಸ್ಟರ್. ಕಾಲೇಜಿನಿಂದ ಬಂದ ಪ್ರಾಧ್ಯಾಪಕಿ ಮೂಲೆಯ ಸ್ಟೂಲಿನ ಮೇಲೆ ಕುಳಿತು ನನ್ನನ್ನು ಗಮನಿಸುತ್ತಿದ್ದರು. ಜ್ವರ, ನಾಡಿ, ಉಸಿರಾಟ, ಎದೆಯೊಳಗಿನ ಸದ್ದು, ಎಲ್ಲವನ್ನೂ ಒಂದೂ ತಪ್ಪಿಲ್ಲದೆ ಅವರಿಗೆ ಒಪ್ಪಿಸಿದೆ.

"ಸರಿ. ಈಗ ನೀವೇನು ಮಾಡ್ತೀರಿ?" ಎಂದು ಕೇಳಿದರು.

"ಡಾಕ್ಟರಿಗೆ ತಿಳಿಸ್ತೀನಿ," ಅಂದುಬಿಟ್ಟೆ.

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. ರೋಗಿ ಹೋದ ಮೇಲೆ ಹೊರಗೆ ನಿಂತು ಹೇಳಿದರು: "ನೀವು ವರದಿ ಚೆನ್ನಾಗಿ ಕೊಡ್ತೀರಿ. ಆದರೆ ನಾನು ನೋಡೋಕೆ ಬಂದದ್ದು ನಿಮ್ಮ ನಿರ್ಧಾರಾನ. ಎರಡು ವಾರ ಬಿಟ್ಟು ಮತ್ತೆ ಬರ್ತೀನಿ." ಎರಡನೆಯ ಸಲವೂ ನಪಾಸಾದರೆ ಕೋರ್ಸನ್ನೇ ಬಿಡಬೇಕಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಗೊತ್ತಿತ್ತು.

ಆ ಉತ್ತರ ನನ್ನ ನಾಲಗೆಯ ಮೇಲೆ ಎಲ್ಲಿಂದ ಬಂದು ಕೂತಿತೆಂಬುದೂ ಗೊತ್ತಿತ್ತು. ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ, ಮದುವೆಯಾಗಿ ಡಲ್ಲಾಸಿಗೆ ಬಂದವಳು ನಾನು. ಅದರ ಪಕ್ಕದ ಫ್ಲವರ್ ಮೌಂಡಿನ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು, ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿ ನರ್ಸ್ ಆದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಬ್ಬ ರೋಗಿಗೆ ನ್ಯುಮೋನಿಯಾ ಇರಬಹುದು ಎಂದು ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. ಅವರು ವಾರ್ಡಿಗೆ ಬಂದು ಎಲ್ಲರೆದುರು, "ಕಾಯಿಲೆ ಏನೂಂತ ಹೇಳೋದು ನಿನ್ನ ಕೆಲಸಾನಾ? ಜ್ವರ, ನಾಡಿಯ ನಂಬರ್ ಕೊಡು, ಸಾಕು," ಎಂದು ಗದರಿದರು. ಅಂದಿನಿಂದ ನಂಬರ್ ಮಾತ್ರ ಕೊಡುತ್ತ ಬಂದೆ.

ಗಂಡ ದುಡಿಯುತ್ತಿದ್ದ ಟೆಲಿಕಾಂ ಕಂಪನಿ ಮುಗ್ಗರಿಸಿದಾಗ ಅವನಿಗೆ ಹ್ಯೂಸ್ಟನ್ನಿನಲ್ಲಿ ಬೇರೆ ಕೆಲಸ ಸಿಕ್ಕಿ ಅಲ್ಲಿಗೆ ಶಿಫ್ಟ್ ಆದೆವು. ಅಲ್ಲಿಯ ಆಸ್ಪತ್ರೆಯಲ್ಲಿ ನಾನೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿ, ವರ್ಷ ತುಂಬುವುದರೊಳಗೆ ಪಾಳಿಯ ಉಸ್ತುವಾರಿ ನೋಡುವ ಚಾರ್ಜ್ ನರ್ಸ್ ಆಗಿ ನನ್ನ ಮೇಲೆ ಬಂದಳು. ಅವಳ ಬಳಿ ನಾಲ್ಕು ವರ್ಷದ ನರ್ಸಿಂಗ್ ಪದವಿ ಇತ್ತು. ಅವಳು ಸಂಕೋಚದಿಂದ ನನ್ನ ರಜೆಯ ಅರ್ಜಿಗೆ ಸಹಿ ಹಾಕಿದ ದಿನವೇ ನಾನು ನರ್ಸಿಂಗ್ ಬ್ಯಾಚುಲರ್ಸ್ ಪದವಿಗೆ ಅರ್ಜಿ ತುಂಬಿದೆ. ಅದು ಮುಗಿದು ಆಸ್ಟಿನ್ನಿಗೆ ಬಂದ ಮೇಲೆ, ಅಷ್ಟಕ್ಕೇ ನಿಲ್ಲಲು ಮನಸ್ಸಾಗದೆ ಮಾಸ್ಟರ್ಸ್‌ಗೂ ಸೇರಿದ್ದೆ.

ಆ ಎರಡು ವಾರ ಮನೆಯಲ್ಲಿ ನನಗೆ ತಾಲೀಮು ನಡೆಯಿತು. "ಡಾಕ್ಟ್ರು ಅನ್ನೋ ಶಬ್ದಾನ ಬಾಯಾಗ ತರಬ್ಯಾಡ ನೀ," ಎಂದು ಗಂಡ ತಿಂಡಿ ತಿನ್ನುವಾಗಲೂ ಎಚ್ಚರಿಸುತ್ತಿದ್ದ. ಮೂರನೆಯ ತರಗತಿಯ ಮಗಳು ಸೋಫಾದ ಮೇಲೆ ಮಲಗಿ ರೋಗಿಯಾಗುತ್ತಿದ್ದಳು.

"ಮೈ ಟಮ್ಮಿ ಹರ್ಟ್ಸ್, ಅಮ್ಮ."

"ಎಲ್ಲಿ ನೋಯ್ತದ, ತೋರಿಸು."

"ಎವ್ರಿವೇರ್! ವಾಟ್ ವಿಲ್ ಯು ಡೂ?"

ಅವರಿಬ್ಬರೂ ನಗುತ್ತಿದ್ದರು. ನನಗೆ ನಗಲಾಗುತ್ತಿರಲಿಲ್ಲ.

ಎರಡನೆಯ ಭೇಟಿಯ ದಿನ ನನ್ನ ಪಾಲಿಗೆ ಬಂದವನು ಐವತ್ತರ ಆಸುಪಾಸಿನ ಲಾರಿ ಡ್ರೈವರ್. ಎಡಗಾಲಿನ ಮೀನಖಂಡದಲ್ಲಿ ನೋವು. "ಸ್ನಾಯು ಹಿಡಿದಿದೆ ಅಷ್ಟೇ. ಮಾತ್ರೆ ಬರೆದುಕೊಡಿ, ಮಧ್ಯಾಹ್ನ ಲೋಡ್ ತಗೊಂಡು ಹೊರಡಬೇಕು," ಎಂದು ಕೂರುವ ಮೊದಲೇ ಹೇಳಿದ. ಪ್ರಾಧ್ಯಾಪಕಿ ಮೂಲೆಯಲ್ಲಿದ್ದರು. ಕ್ಲಿನಿಕ್ಕಿನಲ್ಲಿ ನನಗೆ ತರಬೇತಿ ಕೊಡುತ್ತಿದ್ದ ಹಿರಿಯ ನರ್ಸ್ ಪ್ರಾಕ್ಟಿಷನರ್ ಬಾಗಿಲ ಬಳಿ ನಿಂತಿದ್ದರು. ನಾನು ಬರೆದ ಸಲಹೆಯ ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ, ಆದರೆ ಆ ದಿನ ನನಗಿಂತ ಮೊದಲು ಮಾತಾಡಬಾರದೆಂದು ಅವರಿಗೆ ಹೇಳಲಾಗಿತ್ತು.

ಟೇಪು ಹಿಡಿದು ಎರಡೂ ಮೀನಖಂಡಗಳನ್ನು ಅಳೆದೆ. ಎಡಗಾಲು ಎದ್ದು ಕಾಣುವಷ್ಟು ಊದಿತ್ತು, ಮುಟ್ಟಿದರೆ ಬಿಸಿ. ಹಿಂದಿನ ವಾರವೆಲ್ಲ ದಿನಕ್ಕೆ ಹತ್ತು ತಾಸು ಸೀಟಿನಿಂದ ಏಳದೆ ಓಡಿಸಿದ್ದೇನೆ ಎಂದ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಸ್ಟಿಯರಿಂಗ್ ಹಿಡಿದಲ್ಲೇ ಸಾಯಬಹುದು. ಸ್ನಾಯು ಸೆಳೆತವೂ ಇರಬಹುದು. ಎರಡೂ ಉತ್ತರಗಳು ತಲೆಯಲ್ಲಿದ್ದವು. ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದೆ. ಹಿರಿಯ ನರ್ಸ್ ಬೇಕೆಂತಲೇ ನೆಲ ನೋಡುತ್ತಿದ್ದರು.

"ನೀವು ಇವತ್ತು ಗಾಡಿ ಓಡಿಸಬಾರದು," ಎಂದೆ. "ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಈಗಲೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು."

ಅವನು ಎದ್ದು ನಿಂತ. ನನ್ನ ತಲೆ ಅವನ ಭುಜದವರೆಗೂ ಬರುತ್ತಿರಲಿಲ್ಲ. "ನೀನು ಡಾಕ್ಟರಾ?"

"ಅಲ್ಲ. ನಾನು ನರ್ಸ್, ಓದ್ತಾ ಇದ್ದೀನಿ."

"ಹಾಗಾದರೆ ಗೊತ್ತಿರೋರನ್ನ ಕರಿ."

ಅವನು ಬೂಟಿಗೆ ಕೈಹಾಕಿದ. ನಾನು ಬೂಟಿನ ಪಕ್ಕ ನೆಲದ ಮೇಲೆ ಕುಳಿತೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. "ನನ್ನ ಅಂದಾಜು ತಪ್ಪಿದ್ದರೆ ನಿಮಗೊಂದು ದಿನ ಹಾಳು. ಸರಿಯಿದ್ದು ನೀವು ಹೊರಟುಹೋದರೆ ರಸ್ತೆಯಲ್ಲೇ ಜೀವ ಹೋಗಬಹುದು. ನಿಮ್ಮನ್ನ ಕರಕೊಂಡು ಹೋಗೋಕೆ ಯಾರಿಗೆ ಫೋನ್ ಮಾಡಲಿ, ಹೇಳಿ," ಎಂದೆ.

ಅವನು ನನ್ನನ್ನು ದುರುಗುಟ್ಟಿ ನೋಡಿ, ಬೂಟನ್ನು ಬಿಟ್ಟು ಮತ್ತೆ ಕುಳಿತ. ಕೊನೆಗೆ, "ಹೆಂಡತಿಗೆ," ಎಂದ.

ಆಮೇಲೆ ಹಿರಿಯ ನರ್ಸ್ ತಾವೂ ಕಾಲನ್ನು ಪರೀಕ್ಷಿಸಿ, ತಲೆಯಾಡಿಸಿ ಸಹಿ ಹಾಕಿದರು. ಪ್ರಾಧ್ಯಾಪಕಿ ಕೋಟು ಹಾಕಿಕೊಳ್ಳುತ್ತ, "ಪಾಸ್," ಎಂದಷ್ಟೇ ಹೇಳಿ ಹೊರಟರು.

ಮೂರು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು. ಹೆಪ್ಪುಗಟ್ಟಿರಲಿಲ್ಲ. ಮಂಡಿಯ ಹಿಂದಿದ್ದ ನೀರಿನ ಗಂಟೊಂದು ಒಡೆದು ಕಾಲು ಊದಿತ್ತು, ತಾನಾಗಿ ಇಳಿಯುವಂಥದ್ದು. ಪಾಸಾದದ್ದು ತಪ್ಪು ಉತ್ತರಕ್ಕೆ ಎನಿಸಿತು. ಸುಮ್ಮನಿದ್ದುಬಿಡಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕುಳಿತು ಪ್ರಾಧ್ಯಾಪಕಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅದು ಹೆಪ್ಪು ಅಂತ ನೀವು ಹೇಳಿದ್ದಕ್ಕೆ ನಾನು ಪಾಸ್ ಮಾಡಲಿಲ್ಲ," ಎಂದರು. "ಗೊತ್ತಿಲ್ಲದೇ ಇರೋದನ್ನ ಗೊತ್ತಿಲ್ಲ ಅಂತ ಹೇಳಿ, ಆದರೂ ಅವನನ್ನ ಹೋಗೋಕೆ ಬಿಡಲಿಲ್ಲವಲ್ಲ, ಅದಕ್ಕೆ. ನಾಳೆ ಅಂಥದ್ದೇ ಕಾಲು ಬಂದರೆ ಏನು ಮಾಡ್ತೀರಿ?"

"ಆಸ್ಪತ್ರೆಗೇ ಕಳಿಸ್ತೀನಿ."

"ಮತ್ತೆ ಯಾಕೆ ಅಳ್ತಾ ಇದ್ದೀರಿ?"

ಅಳುತ್ತಿದ್ದೇನೆಂದು ನನಗೆ ಆಗಲೇ ತಿಳಿದದ್ದು.

ಡ್ರೈವರ್ ಮತ್ತೆ ಆ ಕ್ಲಿನಿಕ್ಕಿಗೆ ಬರಲಿಲ್ಲ. ಒಂದು ದಿನದ ದುಡಿಮೆ ಕೆಡಿಸಿದೆನೆಂದು ನನ್ನನ್ನು ಬೈದುಕೊಂಡಿರಬಹುದು, ಅದು ಅವನ ಹಕ್ಕು. ನಾನು ಆ ಬೇಸಿಗೆಯಲ್ಲಿ ಪದವಿ ಪಡೆದು, ಊರಿನ ಇನ್ನೊಂದು ತುದಿಯ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದೆ. ಕೆಲಸದ ಮೊದಲ ವಾರ, ಕಿವಿನೋವೆಂದು ಬಂದ ಮಗುವಿಗೆ ಔಷಧ ಬರೆದು ಕೆಳಗೆ ನನ್ನ ಹೆಸರು ಹಾಕುವಾಗ ಕೈ ಎಷ್ಟು ತಡವರಿಸಿತೆಂದರೆ, ಮಗುವಿನ ತಾಯಿ "ಪೆನ್ನು ಬರೀತಿಲ್ವಾ?" ಎಂದು ತನ್ನ ಬ್ಯಾಗಿನಿಂದ ಇನ್ನೊಂದನ್ನು ತೆಗೆದುಕೊಟ್ಟಳು.